ಕಂತು ಕಟ್ಟುವವನ ಪರವಾಗಿ ಲೆಕ್ಕ ಕೇಳುವವರು ಯಾರು?

ಮಾನ್ಯ ಸಂಪಾದಕರೇ,

ಸಂಸತ್ತಿನ ಅಧಿವೇಶನ ಮುಗಿದ ಮರುದಿನದ ನಿಮ್ಮ ಪತ್ರಿಕೆಯ ಒಳಪುಟದಲ್ಲಿ, ಮಳೆಯ ಸುದ್ದಿಗೂ ಭಾನುವಾರದ ಲೋಕಲ್ ರೈಲುಗಳ ಮೆಗಾಬ್ಲಾಕ್ ಪ್ರಕಟಣೆಗೂ ನಡುವೆ, ಸಾರ್ವಜನಿಕ ಲೆಕ್ಕಪತ್ರ ಸಮಿತಿಯು ತನ್ನ ವರದಿಗಳನ್ನು ಸದನಕ್ಕೆ ಒಪ್ಪಿಸಿತೆಂಬ ನಾಲ್ಕು ಸಾಲು ಕಂಡವು. ವರದಿಗಳಲ್ಲಿ ಏನಿದೆ ಎಂಬ ಸುಳಿವು ಆ ನಾಲ್ಕು ಸಾಲಿನಲ್ಲಿ ಇರಲಿಲ್ಲ. ಇದಕ್ಕಾಗಿ ನಿಮ್ಮನ್ನು ದೂರಲು ಈ ಪತ್ರ ಬರೆಯುತ್ತಿಲ್ಲ. ದೆಹಲಿಯ ದೊಡ್ಡ ಪತ್ರಿಕೆಗಳೂ ಅಷ್ಟೇ ಬರೆಯುತ್ತವೆ. ಈ ಮುಂಬಯಿಯಲ್ಲಿ ಸಾರ್ವಜನಿಕ ವಲಯದ ಬ್ಯಾಂಕೊಂದರಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ಕೊನೆಯ ಹನ್ನೊಂದು ವರ್ಷ ಅದರ ಆಂತರಿಕ ಲೆಕ್ಕಪರಿಶೋಧನಾ ವಿಭಾಗದಲ್ಲಿದ್ದು ನಿವೃತ್ತನಾದ ನನಗೆ, ಆ ನಾಲ್ಕು ಸಾಲು ಓದಿದಾಗ ಬಹಳ ದಿನಗಳಿಂದ ಮನಸ್ಸಿನಲ್ಲಿದ್ದ ಒಂದು ಪ್ರಶ್ನೆಯನ್ನು ಓದುಗರ ಮುಂದೆ ಇಡಬೇಕೆನಿಸಿತು. ಸರಕಾರದ ಖಜಾನೆಯಿಂದ ಹೊರಹೋಗುವ ಹಣಕ್ಕೆ ಸಂಸತ್ತಿನಲ್ಲಿ ಲೆಕ್ಕ ಕೇಳುವ ವ್ಯವಸ್ಥೆ ಇದೆ. ಆದರೆ ಜನರು ಸರಕಾರವನ್ನೇ ನಂಬಿ ಜೀವವಿಮೆಗೂ ಬ್ಯಾಂಕಿಗೂ ತಮ್ಮ ಕೈಯಾರೆ ಕಟ್ಟುವ ಹಣವನ್ನು ಎಲ್ಲಿ ಹೂಡಲಾಯಿತು, ಯಾರ ಮಾತಿನ ಮೇಲೆ ಹೂಡಲಾಯಿತು ಎಂದು ಅದೇ ಗಟ್ಟಿತನದಿಂದ ಕೇಳುವವರು ಯಾರು?

ಮೊದಲು ಇರುವ ವ್ಯವಸ್ಥೆಯ ಬಗ್ಗೆ ಎರಡು ಮಾತು. ಸಾರ್ವಜನಿಕ ಲೆಕ್ಕಪತ್ರ ಸಮಿತಿ 1921ರಷ್ಟು ಹಳೆಯದು. ಈಗ ಅದರಲ್ಲಿ ಲೋಕಸಭೆಯ 15 ಮತ್ತು ರಾಜ್ಯಸಭೆಯ 7, ಒಟ್ಟು 22 ಮಂದಿ ಇರುತ್ತಾರೆ. ಮಂತ್ರಿಯಾದವರು ಅದರ ಸದಸ್ಯರಾಗುವಂತಿಲ್ಲ. 1967ರಿಂದ ಅದರ ಅಧ್ಯಕ್ಷತೆಯನ್ನು ವಿರೋಧ ಪಕ್ಷಕ್ಕೆ ಬಿಟ್ಟುಕೊಡುವ ಸತ್ಸಂಪ್ರದಾಯ ನಡೆದುಬಂದಿದೆ. ಹಾಗೆ ಆ ಪೀಠದಲ್ಲಿ ಕುಳಿತ ಮೊದಲಿಗರು, 1943ರಲ್ಲಿ ನಮ್ಮ ಈ ಮುಂಬಯಿಯ ಮೇಯರ್ ಆಗಿದ್ದ ಮಿನೂ ಮಸಾನಿಯವರು. ಆದರೆ ಈ ಸಮಿತಿಯ ನಿಜವಾದ ಬಲ ಅದರ ಸದಸ್ಯರಲ್ಲಿಲ್ಲ. ವರ್ಷಕ್ಕೊಮ್ಮೆ ಬದಲಾಗುವ, ಕ್ಷೇತ್ರದ ಮದುವೆ ಮುಂಜಿಗಳಿಂದ ಹಿಡಿದು ಪಕ್ಷದ ಸಭೆಗಳವರೆಗೆ ನೂರು ಕೆಲಸಗಳಿರುವ ಸಂಸದರು, ತಾವೇ ಕುಳಿತು ಒಂದು ಇಲಾಖೆಯ ಕಡತಗಳನ್ನು ಜಾಲಾಡುವುದು ಸಾಧ್ಯವಿಲ್ಲ. ಅವರ ಪಕ್ಕದಲ್ಲಿ, ಸರಕಾರದ ಲೆಕ್ಕಪರಿಶೋಧಕರಾದ ಮಹಾಲೇಖಪಾಲರು (ಸಿಎಜಿ) ಕುಳಿತಿರುತ್ತಾರೆ. ದೇಶದ ಉದ್ದಗಲಕ್ಕೂ ಇರುವ ಅವರ ಸಿಬ್ಬಂದಿ ಕಡತ ನೋಡಿ, ವೋಚರ್ ನೋಡಿ, ಎಲ್ಲಿ ಹಣ ಸೋರಿದೆ ಎಂದು ಮೊದಲೇ ಗುರುತು ಹಾಕಿಟ್ಟಿರುತ್ತಾರೆ. ಸದಸ್ಯರು ಆ ಗುರುತನ್ನು ಹಿಡಿದುಕೊಂಡು ಕಾರ್ಯದರ್ಶಿಯನ್ನು ಪ್ರಶ್ನಿಸುತ್ತಾರೆ.

ಸರಕಾರಿ ಉದ್ಯಮಗಳಿಗೆ ಬೇರೆಯದೇ ಸಮಿತಿ ಇದೆ. 1964ರಲ್ಲಿ ರಚನೆಯಾದ ಸಾರ್ವಜನಿಕ ಉದ್ಯಮಗಳ ಸಮಿತಿಯ ವ್ಯಾಪ್ತಿಯನ್ನು ಲೋಕಸಭೆಯ ನಿಯಮಾವಳಿಯ ನಾಲ್ಕನೆಯ ಅನುಸೂಚಿ ಹೇಳುತ್ತದೆ, ಆ ಅನುಸೂಚಿಯಲ್ಲಿ ಭಾರತೀಯ ಜೀವವಿಮಾ ನಿಗಮದ ಹೆಸರು ಸ್ಪಷ್ಟವಾಗಿ ಇದೆ. ಹಾಗಿದ್ದ ಮೇಲೆ ಆಕ್ಷೇಪವೇನು ಎಂದು ಯಾರಾದರೂ ಕೇಳಬಹುದು. ಅದೇ ನಿಯಮಾವಳಿ ಸಮಿತಿಯ ಕರ್ತವ್ಯಗಳನ್ನು ಪಟ್ಟಿ ಮಾಡುವಾಗ, ಉದ್ಯಮಗಳ ಬಗ್ಗೆ ಮಹಾಲೇಖಪಾಲರ ವರದಿಗಳು ‘ಇದ್ದರೆ’ ಅವನ್ನು ಪರಿಶೀಲಿಸತಕ್ಕದ್ದು ಎನ್ನುತ್ತದೆ. ನನ್ನ ಪತ್ರವೆಲ್ಲ ಈ ‘ಇದ್ದರೆ’ ಎಂಬ ಒಂದು ಪದದ ಮೇಲೆ ನಿಂತಿದೆ. ಜೀವವಿಮಾ ನಿಗಮದ ಲೆಕ್ಕಪರಿಶೋಧಕರು ಮಹಾಲೇಖಪಾಲರಲ್ಲ. ರಿಸರ್ವ್ ಬ್ಯಾಂಕು, ಸ್ಟೇಟ್ ಬ್ಯಾಂಕು, ರಾಷ್ಟ್ರೀಕೃತ ಬ್ಯಾಂಕುಗಳ ಲೆಕ್ಕಪರಿಶೋಧಕರೂ ಅವರಲ್ಲ. ಈ ಸಂಸ್ಥೆಗಳ ಲೆಕ್ಕವನ್ನು ಚಾರ್ಟರ್ಡ್ ಅಕೌಂಟೆಂಟ್ ಸಂಸ್ಥೆಗಳು ನೋಡಿ ಸಹಿ ಹಾಕುತ್ತವೆ, ಅಲ್ಲಿಗೆ ಮುಗಿಯಿತು.

ಇದು ಎಷ್ಟು ವಿಚಿತ್ರ ಎಂಬುದನ್ನು ನೋಡಲು ದೆಹಲಿಗೆ ಹೋಗಬೇಕಾಗಿಲ್ಲ, ಚರ್ಚ್‌ಗೇಟ್‌ನಲ್ಲಿ ಇಳಿದು ನಡೆದರೆ ಸಾಕು. ಫೋರ್ಟ್‌ನಲ್ಲಿ ಪ್ರಧಾನ ಕಚೇರಿ ಇರುವ ನ್ಯೂ ಇಂಡಿಯಾ ಅಶ್ಯೂರೆನ್ಸ್ ಎಂಬ ವಿಮಾ ಸಂಸ್ಥೆ ಸರಕಾರಿ ಕಂಪನಿಯಾದ್ದರಿಂದ ಅದರ ಲೆಕ್ಕಪರಿಶೋಧಕರನ್ನು ಮಹಾಲೇಖಪಾಲರೇ ನೇಮಿಸುತ್ತಾರೆ. ಆ ಪರಿಶೋಧಕರ ವರದಿ ಬಂದ ಅರುವತ್ತು ದಿನಗಳೊಳಗೆ ಪೂರಕ ಪರಿಶೋಧನೆ ನಡೆಸುವ ಅಧಿಕಾರವನ್ನೂ 2013ರ ಕಂಪನಿ ಕಾಯಿದೆ ಅವರಿಗೆ ಕೊಟ್ಟಿದೆ. ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿರುವ ಜೀವವಿಮಾ ನಿಗಮದ ಯೋಗಕ್ಷೇಮ ಕಟ್ಟಡಕ್ಕೆ ಆ ಅಧಿಕಾರ ಹೋಗಿ ಮುಟ್ಟುವುದಿಲ್ಲ. ಒಂದು ಕಂಪನಿ ಕಾಯಿದೆಯಡಿ ಹುಟ್ಟಿದ್ದು, ಇನ್ನೊಂದು 1956ರ ಪ್ರತ್ಯೇಕ ಕಾಯಿದೆಯಡಿ ಹುಟ್ಟಿದ್ದು ಎಂಬುದೇ ಇದಕ್ಕೆ ಕಾರಣ. ಅದೇ 1956ರ ಕಾಯಿದೆಯ 37ನೆಯ ಪ್ರಕರಣ, ನಿಗಮದ ಪಾಲಿಸಿಗಳ ವಿಮಾ ಮೊತ್ತಕ್ಕೂ ಬೋನಸ್ಸಿಗೂ ಕೇಂದ್ರ ಸರಕಾರವೇ ಹೊಣೆ ಎಂದು ಸಾರುತ್ತದೆ. ಹೊಣೆ ಖಜಾನೆಯದು, ಆದರೆ ಖಜಾನೆಯ ಲೆಕ್ಕ ನೋಡುವವರಿಗೆ ಒಳಗೆ ಪ್ರವೇಶವಿಲ್ಲ!

ಈ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಮುಂಬಯಿ ಕನ್ನಡಿಗರಿಗೆ ನಾನು ಹೇಳಬೇಕಾಗಿಲ್ಲ. ಡೊಂಬಿವಿಲಿಯಲ್ಲಿ ನಮ್ಮ ಪಕ್ಕದ ಮನೆಯವರು ವಿಮಾ ಏಜೆಂಟರು. ಮಧ್ಯಾಹ್ನ ಮೂರೂವರೆಯ ಹೊತ್ತಿಗೆ, ಊಟದ ಗಿರಾಕಿಗಳು ಹೋಗಿ ಸಂಜೆಯ ತಿಂಡಿಯ ಗಿರಾಕಿಗಳು ಇನ್ನೂ ಬಾರದ ಆ ಒಂದು ಗಂಟೆಯಲ್ಲಿ, ಅವರು ಸ್ಟೇಷನ್ ಬಳಿಯ ಹೋಟೆಲುಗಳ ಹಿಂಬಾಗಿಲಿಗೆ ಹೋಗುತ್ತಾರೆ. ಒಮ್ಮೆ ಅವರ ಜೊತೆ ನಾನೂ ಹೋಗಿದ್ದೆ. ಕುಂದಾಪುರದ ಕಡೆಯ ಒಬ್ಬ ಚಹಾ ಮಾಸ್ತರರು, ಅಂಗಿಯ ತೋಳಿನಿಂದ ಬೆವರು ಒರೆಸಿಕೊಂಡು, ಮಾಳಿಗೆಯ ಮೇಲಿನ ತಮ್ಮ ಟ್ರಂಕಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತಂದು, ಎಣಿಸಿ ಮಡಿಸಿಟ್ಟಿದ್ದ ನೋಟುಗಳನ್ನು ಕೊಟ್ಟು, ಹಿಂದಿನ ಕಂತಿನ ರಸೀದಿಯನ್ನು ತೆಗೆದುಕೊಂಡು ಅದೇ ಚೀಲದಲ್ಲಿ ಉಳಿದ ರಸೀದಿಗಳ ಮೇಲೆ ಇಟ್ಟರು. ಅದರಲ್ಲಿ ಹತ್ತೊಂಬತ್ತು ವರ್ಷಗಳ ರಸೀದಿಗಳಿದ್ದವು, ವರ್ಷವಾರು ರಬ್ಬರ್ ಬ್ಯಾಂಡ್ ಹಾಕಿ. ನಾನು ನೋಡಿದ ಎಷ್ಟೋ ಶಾಖೆಗಳ ದಾಖಲೆಗಳು ಅಷ್ಟು ಅಚ್ಚುಕಟ್ಟಾಗಿರಲಿಲ್ಲ. “ಇದು ಸರಕಾರದ್ದಲ್ಲವೇ ಮಾರಾಯ್ರೆ, ಎಲ್ಲಿಗೂ ಹೋಗುವುದಿಲ್ಲ,” ಎಂದರು ಅವರು.

ಅವರ ಮಾತು ಸುಳ್ಳೆಂದು ನಾನು ಹೇಳಲಾರೆ. ಆದರೆ ಆ ಹಣ ಯಾರನ್ನೂ ಕೇಳದೆ ಎಲ್ಲಿಗೋ ಹೋದ ಒಂದು ಪ್ರಸಂಗ ನಿಗಮ ಹುಟ್ಟಿದ ವರ್ಷದೊಳಗೇ, ಇದೇ ಊರಿನಲ್ಲಿ ನಡೆದಿದೆ. 1957ರಲ್ಲಿ ನಿಗಮವು ಹರಿದಾಸ ಮುಂಧ್ರಾ ಎಂಬ ಉದ್ಯಮಿಗೆ ಸೇರಿದ ಆರು ಕಂಪನಿಗಳ ಷೇರುಗಳನ್ನು ಸುಮಾರು ಒಂದೂಕಾಲು ಕೋಟಿ ರೂಪಾಯಿ ಕೊಟ್ಟು ಕೊಂಡಿತು. ನಿಗಮದ ಹೂಡಿಕೆ ಸಮಿತಿಯನ್ನು ಕೇಳುವ ಗೋಜಿಗೇ ಯಾರೂ ಹೋಗಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಆಡಳಿತ ಪಕ್ಷದವರೇ ಆದ ಫಿರೋಜ್ ಗಾಂಧಿ ಲೋಕಸಭೆಯಲ್ಲಿ ಎದ್ದುನಿಂತು ವಿವರ ಬಿಚ್ಚಿಟ್ಟರು. ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗ ನೇಮಕವಾಯಿತು. ಅವರು ಇಲ್ಲೇ, ಸಾರ್ವಜನಿಕರ ಎದುರಿನಲ್ಲೇ, ಸೇರಿದ ಜನಕ್ಕೆಲ್ಲ ಕೇಳಿಸಲೆಂದು ಧ್ವನಿವರ್ಧಕ ಹಾಕಿಸಿ ವಿಚಾರಣೆ ನಡೆಸಿದರು. ವಾರಗಳಲ್ಲೇ ವರದಿ ಕೊಟ್ಟರು. 1958ರ ಫೆಬ್ರುವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಆಗಿನ್ನೂ ಸಾರ್ವಜನಿಕ ಉದ್ಯಮಗಳ ಸಮಿತಿ ಇರಲಿಲ್ಲ. ಒಬ್ಬ ಸದಸ್ಯನ ಹಟದಿಂದ ಆದ ಕೆಲಸ ಅದು. ಸಮಿತಿ ಹುಟ್ಟಿ ಅರುವತ್ತು ವರ್ಷ ದಾಟಿದ ಮೇಲೂ ವಿಮಾ ಹಣದ ವಿಷಯದಲ್ಲಿ ನಾವು ಒಬ್ಬಿಬ್ಬರು ಸದಸ್ಯರ ಹಟವನ್ನೇ ನಂಬಿಕೊಂಡಿದ್ದೇವೆ.

ಈಚಿನ ಉದಾಹರಣೆಗಳೂ ಇವೆ. ಮೂಲಸೌಕರ್ಯ ಯೋಜನೆಗಳಿಗೆ ಹಣ ಒದಗಿಸುತ್ತಿದ್ದ ಬಾಂದ್ರಾ-ಕುರ್ಲಾ ಸಂಕೀರ್ಣದ ಐಎಲ್ ಆಂಡ್ ಎಫ್ಎಸ್ ಕಂಪನಿ 2018ರಲ್ಲಿ ಸಾಲ ತೀರಿಸಲಾಗದೆ ಕುಸಿದಾಗ, ಅದರ ಅತಿ ದೊಡ್ಡ ಪಾಲುದಾರ ಜೀವವಿಮಾ ನಿಗಮವೇ ಆಗಿತ್ತು, ಸುಮಾರು ಕಾಲು ಭಾಗದಷ್ಟು ಷೇರು ನಿಗಮದ್ದು. ಮರುವರ್ಷದ ಜನವರಿಯಲ್ಲಿ, ವಸೂಲಾಗದ ಸಾಲಗಳಿಂದ ಕುಗ್ಗಿಹೋಗಿದ್ದ ಐಡಿಬಿಐ ಬ್ಯಾಂಕಿನ 51 ಶೇಕಡಾ ಪಾಲನ್ನು ನಿಗಮ ತೆಗೆದುಕೊಂಡಿತು. ಆ ಬ್ಯಾಂಕು ನಂತರ ಲಾಭಕ್ಕೆ ಮರಳಿದ್ದೂ ಉಂಟು, ಆದ್ದರಿಂದ ಅದನ್ನು ತಪ್ಪು ನಿರ್ಧಾರವೆಂದು ನಾನು ತೀರ್ಪು ಕೊಡುವುದಿಲ್ಲ. ನಾನು ಕೇಳುವುದು ಇಷ್ಟೇ: ಅದು ಪಾಲಿಸಿದಾರರ ಹಿತಕ್ಕಾಗಿ ನಿಗಮವೇ ಮಾಡಿದ ನಿರ್ಧಾರವೇ, ಸರಕಾರದ ಕಷ್ಟ ಕಳೆಯಲು ನಿಗಮದ ಕೈಯಿಂದ ಮಾಡಿಸಿದ ನಿರ್ಧಾರವೇ ಎಂಬುದನ್ನು ಕಡತ ನೋಡಿ ಹೇಳಬಲ್ಲ, ಸರಕಾರದ ಹಂಗಿಲ್ಲದ ಒಬ್ಬ ಪರಿಶೋಧಕ ಬೇಡವೇ?

ಬ್ಯಾಂಕುಗಳ ಕಥೆ ಇನ್ನೂ ಸೋಜಿಗದ್ದು. 2017ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಸಾರ್ವಜನಿಕ ವಲಯದ ಬ್ಯಾಂಕುಗಳಿಗೆ 2.11 ಲಕ್ಷ ಕೋಟಿ ರೂಪಾಯಿಗಳ ಬಂಡವಾಳ ಮರುಪೂರಣವನ್ನು ಪ್ರಕಟಿಸಿತು. ಇದರಲ್ಲಿ ಸರಕಾರವೇ ಬಂಡವಾಳವಾಗಿ ಕೊಡುವ ಪಾಲು ಖಜಾನೆಯದು, ಆದ್ದರಿಂದ ಮಹಾಲೇಖಪಾಲರು ಅದನ್ನು ಕೇಳಬಹುದು. ಅದಕ್ಕೂ ಮೊದಲಿನ ವರ್ಷಗಳ ಮರುಪೂರಣದ ಬಗ್ಗೆ ಅವರು 2017ರಲ್ಲೇ ಒಂದು ವರದಿ ಕೊಟ್ಟಿದ್ದಾರೆ. ಆದರೆ ಆ ಬಂಡವಾಳ ಕರಗಿಹೋಗಲು ಕಾರಣವಾದ ಸಾಲಗಳನ್ನು ಯಾರು ಮಂಜೂರು ಮಾಡಿದರು ಎಂಬ ಕಡತದ ಬಾಗಿಲಲ್ಲಿ ಅವರು ನಿಲ್ಲಬೇಕಾಗುತ್ತದೆ. ಕೊಡದಲ್ಲಿ ಎಷ್ಟು ನೀರು ತುಂಬಿದಿರಿ ಎಂದು ಕೇಳಬಹುದು, ಕೊಡದ ತಳ ನೋಡುವಂತಿಲ್ಲ. ಹಾಗೆಂದು ಸಂಸದೀಯ ಸಮಿತಿಗಳು ಬ್ಯಾಂಕುಗಳ ತಂಟೆಗೇ ಹೋಗಿಲ್ಲ ಎಂದರೆ ಅನ್ಯಾಯವಾದೀತು. 2018ರಲ್ಲಿ ಮುರಳಿ ಮನೋಹರ ಜೋಶಿಯವರ ಅಧ್ಯಕ್ಷತೆಯ ಅಂದಾಜು ಸಮಿತಿ ರಿಸರ್ವ್ ಬ್ಯಾಂಕಿನ ಮಾಜಿ ಗವರ್ನರ್ ರಘುರಾಮ್ ರಾಜನ್ ಅವರಿಂದ ಟಿಪ್ಪಣಿ ತರಿಸಿಕೊಂಡಿತು. ಕೆಟ್ಟ ಸಾಲಗಳಲ್ಲಿ ಬಹಳಷ್ಟು 2006ರಿಂದ 2008ರ ಉತ್ಸಾಹದ ದಿನಗಳಲ್ಲಿ ಹುಟ್ಟಿದವು ಎಂದು ಅವರು ಬಿಚ್ಚುಮಾತಿನಲ್ಲಿ ಬರೆದುಕೊಟ್ಟರು. ಸರಿಯಾದವರನ್ನು ಸರಿಯಾದ ಪ್ರಶ್ನೆ ಕೇಳಿದರೆ ಉತ್ತರ ಬರುತ್ತದೆ. ಬಂದ ಕಾಲ ಮಾತ್ರ ನೋಡಿ: ಸಾಲ ಕೊಟ್ಟು ಹತ್ತು ವರ್ಷಗಳ ಮೇಲೆ.

1992ರ ಷೇರುಪೇಟೆ ಹಗರಣದಲ್ಲೂ ಹೀಗೇ ಆಯಿತು. ರಾಮನಿವಾಸ ಮಿರ್ಧಾ ಅವರ ಜಂಟಿ ಸಂಸದೀಯ ಸಮಿತಿ ಕೂತದ್ದು ಬ್ಯಾಂಕುಗಳಿಂದ 4,000 ಕೋಟಿಗೂ ಹೆಚ್ಚು ಹಣ ಕೈಬಿಟ್ಟುಹೋಗಿದೆ ಎಂದು ಗೊತ್ತಾದ ಮೇಲೆ. 2001ರಲ್ಲಿ ಪೇಟೆ ಮತ್ತೆ ಕುಸಿದ ಮೇಲೆ ಪ್ರಕಾಶ ಮಣಿ ತ್ರಿಪಾಠಿಯವರ ಸಮಿತಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯನ್ನು ಎರಡೆರಡು ಸಲ ಹೇಳಬೇಕಾಯಿತು.

ಸಮಿತಿಯ ಎದುರು ಪರಿಶೋಧಕರ ಗುರುತು ಇಲ್ಲದಿದ್ದರೆ ವಿಚಾರಣೆ ಹೇಗಿರುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಇಸವಿ ಬೇಡ, ಬ್ಯಾಂಕಿನ ಹೆಸರೂ ಬೇಡ. ಸಂಸತ್ತಿನ ಸಮಿತಿಯೊಂದು ಅಧ್ಯಯನ ಪ್ರವಾಸಕ್ಕೆ ಮುಂಬಯಿಗೆ ಬರುತ್ತದೆಂದು ತಿಳಿದ ದಿನದಿಂದ ನಮ್ಮ ಪ್ರಧಾನ ಕಚೇರಿಯಲ್ಲಿ ಮೂರು ವಾರ ಬೇರೆ ಕೆಲಸ ನಡೆಯಲಿಲ್ಲ. ಮೊದಲೇ ಬಂದಿದ್ದ ಪ್ರಶ್ನಾವಳಿಗೆ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಉತ್ತರ ಸಿದ್ಧಪಡಿಸಿ, ಪ್ರತಿಗಳನ್ನು ಬೈಂಡ್ ಮಾಡಿಸಿದೆವು. ಕೇಳಿದ್ದಕ್ಕಷ್ಟೇ ಉತ್ತರ, ಕೇಳದ್ದನ್ನು ಹೇಳಬೇಡಿ ಎಂಬುದು ನಮಗಿದ್ದ ಆದೇಶ. ದೊಡ್ಡ ಸಾಲಗಳ ಮನ್ನಾ ಬಗ್ಗೆ ಕೇಳಿದ್ದ ಪ್ರಶ್ನೆಗೆ ಗ್ರಾಹಕರ ಗೋಪ್ಯತೆಯ ಕಾಯಿದೆಯನ್ನು ಮುಂದೆ ಮಾಡಿ ಎರಡು ಪುಟ ಬರೆದವನು ನಾನೇ. ಓದಿದರೆ ಏನೋ ಹೇಳಿದ ಹಾಗಿತ್ತು, ಹುಡುಕಿದರೆ ಒಂದು ಅಂಕಿಯೂ ಇರಲಿಲ್ಲ. ಸಭೆಯ ದಿನ ಬೆಳಿಗ್ಗೆ ಒಬ್ಬ ಸದಸ್ಯರಿಗೆ ಮಾಟುಂಗಾದ ಫಿಲ್ಟರ್ ಕಾಫಿ ಬೇಕೆಂಬ ಸಂದೇಶ ಬಂತು. ಕನ್ನಡದವನೆಂಬ ಅರ್ಹತೆಯಿಂದ ಆ ಕೆಲಸವೂ ನನ್ನ ಪಾಲಿಗೆ ಬಂದು, ದೊಡ್ಡ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಕಚೇರಿಯ ಕಾರಿನಲ್ಲಿ ದಕ್ಷಿಣ ಮುಂಬಯಿಯ ಹೋಟೆಲಿನವರೆಗೆ ಹೋದೆ.

ಸಭೆ ನಡೆದದ್ದು ಒಂದು ಗಂಟೆ ನಲವತ್ತು ನಿಮಿಷ, ಮೂರು ಬ್ಯಾಂಕುಗಳಿಗೆ ಸೇರಿ. ಶಾಲು, ಹೂಗುಚ್ಛಗಳು ಅದರಲ್ಲೇ. ಹೆಚ್ಚಿನ ಪ್ರಶ್ನೆಗಳು ತಮ್ಮ ಕ್ಷೇತ್ರದಲ್ಲಿ ಶಾಖೆ ಯಾವಾಗ ತೆರೆಯುತ್ತೀರಿ ಎಂಬ ಬಗೆಯವು. ಹಿಂದಿನ ಸಾಲಿನಲ್ಲಿದ್ದ ಒಬ್ಬ ವಯಸ್ಸಾದ ಸದಸ್ಯರು ಮಾತ್ರ ನಾನು ಬರೆದ ಎರಡು ಪುಟಗಳನ್ನು ಬೆರಳಿಟ್ಟು ಓದಿ, ಮನ್ನಾ ಆದ ಸಾಲಕ್ಕೆ ಅಡವಿಟ್ಟ ಆಸ್ತಿಯ ಬೆಲೆ ಕಟ್ಟಿದವರು ಯಾರು, ಯಾವ ವರ್ಷ ಕಟ್ಟಿದರು ಎಂದು ಕೇಳಿದರು. ನಮ್ಮ ಸಾಲಿನಲ್ಲಿ ಕೂತವರೆಲ್ಲ ಒಮ್ಮೆ ನೆಟ್ಟಗಾದರು. ಲಿಖಿತ ಉತ್ತರ ಕಳುಹಿಸಿ ಎಂದು ಅಧ್ಯಕ್ಷರು ಹೇಳಿ ಮುಂದಿನ ವಿಷಯಕ್ಕೆ ಹೋದರು. ಲಿಖಿತ ಉತ್ತರವನ್ನು ಕಳುಹಿಸಿದೆವು. ಅದರ ಬಗ್ಗೆ ಮರುಪ್ರಶ್ನೆ ಬರಲೇ ಇಲ್ಲ. ಮರುವರ್ಷದ ಸಮಿತಿಯ ಪಟ್ಟಿಯಲ್ಲಿ ಆ ಹಿರಿಯರ ಹೆಸರೂ ಇರಲಿಲ್ಲ. ಅಂಥದೇ ಪ್ರಶ್ನೆಯನ್ನು ಕೈಯಲ್ಲಿ ಕಡತದ ಪುಟಸಂಖ್ಯೆ ಹಿಡಿದ ಪರಿಶೋಧಕರೊಬ್ಬರು ಬರೆದುಕೊಟ್ಟಿದ್ದರೆ, ನನ್ನ ಎರಡು ಪುಟಗಳ ಆಟ ನಡೆಯುತ್ತಿರಲಿಲ್ಲ.

ಇದಕ್ಕೆ ನನ್ನ ಹಳೆಯ ಸಹೋದ್ಯೋಗಿಗಳು ಏನು ಹೇಳುತ್ತಾರೆಂದು ಗೊತ್ತು. ಈಗಲೇ ಸಿಬಿಐ, ಜಾಗೃತ ಆಯೋಗಗಳ ಹೆದರಿಕೆಯಿಂದ ಸಾಲದ ಕಡತಕ್ಕೆ ಸಹಿ ಹಾಕಲು ಮ್ಯಾನೇಜರರು ಹಿಂದೆಮುಂದೆ ನೋಡುತ್ತಾರೆ. ಇದರ ಮೇಲೆ ಮಹಾಲೇಖಪಾಲರೂ ಬಂದರೆ ಸಾಲ ಕೊಡುವುದೇ ನಿಂತೀತು ಎಂಬುದು ಅವರ ವಾದ. ಇದು ತಳ್ಳಿಹಾಕುವ ಮಾತಲ್ಲ. ವ್ಯಾಪಾರದಲ್ಲಿ ಹತ್ತು ನಿರ್ಧಾರಗಳಲ್ಲಿ ಎರಡು ಕೈಕೊಡುತ್ತವೆ, ಆ ಎರಡನ್ನೇ ಹಿಡಿದು ಐದು ವರ್ಷಗಳ ಮೇಲೆ ಪ್ರಶ್ನಿಸುವುದು ಸುಲಭ. ಆದ್ದರಿಂದ ಪ್ರತಿಯೊಂದು ಸಾಲವನ್ನೂ ಪ್ರತಿಯೊಂದು ಷೇರು ಖರೀದಿಯನ್ನೂ ನೋಡಿ ಎಂದು ನಾನು ಹೇಳುವುದಿಲ್ಲ. ಒಂದು ಮಿತಿಗಿಂತ ದೊಡ್ಡದಾದ ಹೂಡಿಕೆಗಳಲ್ಲಿ, ಸಂಸ್ಥೆಯ ಸ್ವಂತ ನಿಯಮಗಳಂತೆ ನಿರ್ಧಾರ ಆಯಿತೇ, ಅದರ ಹೂಡಿಕೆ ಸಮಿತಿಯ ಮುಂದೆ ವಿಷಯ ಬಂತೇ, ಹೊರಗಿನಿಂದ ಯಾರಾದರೂ ಬರೆದರೇ ಅಥವಾ ಫೋನು ಮಾಡಿದರೇ ಎಂಬ ಮಟ್ಟಿಗೆ ಪೂರಕ ಪರಿಶೋಧನೆ ನಡೆದರೆ ಸಾಕು. 1957ರಲ್ಲಿ ಕೇಳಬೇಕಾಗಿದ್ದದ್ದೂ ಇಷ್ಟೇ. ನಿಯಮದಂತೆ ನಡೆದ ಮ್ಯಾನೇಜರರಿಗೆ ಇಂಥ ಪರಿಶೋಧನೆ ರಕ್ಷಣೆಯೂ ಆದೀತು, ಏಕೆಂದರೆ ಮೇಲಿನ ಫೋನಿನ ಗುರುತು ಕಡತದಲ್ಲಿ ಉಳಿಯುತ್ತದೆ ಎಂದು ಗೊತ್ತಾದರೆ ಫೋನು ಮಾಡುವವರು ಎರಡು ಸಲ ಯೋಚಿಸುತ್ತಾರೆ.

ರಿಸರ್ವ್ ಬ್ಯಾಂಕು, ವಿಮಾ ನಿಯಂತ್ರಣ ಪ್ರಾಧಿಕಾರಗಳು ಇಲ್ಲವೇ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕು. ಇವೆ, ಅವುಗಳ ತಪಾಸಣೆ ಕಟ್ಟುನಿಟ್ಟಾಗಿಯೂ ಇರುತ್ತದೆ; ನಾನೇ ಎಷ್ಟೋ ತಪಾಸಣೆಗಳಿಗೆ ಬೆವರಿದ್ದೇನೆ. ಆದರೆ ಆ ವರದಿಗಳು ಸಂಸತ್ತಿನ ಮೇಜಿಗೆ ಬರುವುದಿಲ್ಲ. ಬ್ಯಾಂಕುಗಳ ತಪಾಸಣಾ ವರದಿಯನ್ನು ಮಾಹಿತಿ ಹಕ್ಕಿನಡಿ ಕೊಡಬೇಕೆಂದು ಹೇಳಿಸಲು ಜನರು 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು.

ಮುಚ್ಚಿದ ಬಾಗಿಲಿನ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮ ಸಂಸದೀಯ ಸಮಿತಿಗಳ ಸಭೆಗಳು ನಿಯಮದ ಪ್ರಕಾರವೇ ಖಾಸಗಿ. ನೋಟು ರದ್ದತಿಯ ನಂತರ, 2017ರ ಜನವರಿಯಲ್ಲಿ, ನಮ್ಮವರೇ ಆದ ವೀರಪ್ಪ ಮೊಯಿಲಿಯವರ ಅಧ್ಯಕ್ಷತೆಯ ಹಣಕಾಸು ಸ್ಥಾಯಿ ಸಮಿತಿಯೂ, ಅದೇ ವಾರ ಲೆಕ್ಕಪತ್ರ ಸಮಿತಿಯೂ ರಿಸರ್ವ್ ಬ್ಯಾಂಕಿನ ಗವರ್ನರರನ್ನು ಕರೆಸಿ ಪ್ರಶ್ನಿಸಿದವು. ಎರಡು ತಿಂಗಳು ಎಟಿಎಮ್ಮುಗಳ ಮುಂದೆ ಸಾಲು ನಿಂತ ಜನಕ್ಕೆ ಒಳಗೆ ಏನು ನಡೆಯಿತೆಂಬುದು ‘ಮೂಲಗಳು ತಿಳಿಸಿವೆ’ ಎಂಬ ಸುದ್ದಿಗಳಿಂದ ಗೊತ್ತಾಗಬೇಕಾಯಿತು. ನಮ್ಮ ಲೆಕ್ಕಪತ್ರ ಸಮಿತಿಗೆ ಮಾದರಿಯಾದ ಬ್ರಿಟನ್ನಿನ ಸಮಿತಿ 1861ರಷ್ಟು ಹಳೆಯದು. ಅದರ ವಿಚಾರಣೆಗಳನ್ನು ಇಂದು ಯಾರು ಬೇಕಾದರೂ ಟಿವಿಯಲ್ಲಿ ನೋಡಬಹುದು. ದೇಶದ ಭದ್ರತೆಯ ವಿಷಯ ಬೇರೆ. ವಿಮೆಯ ಕಂತನ್ನು ಯಾವ ಷೇರಿನಲ್ಲಿ ಹಾಕಿದಿರಿ ಎಂಬ ಪ್ರಶ್ನೆಯಲ್ಲಿ ಮುಚ್ಚಿಡುವಂಥದ್ದೇನಿದೆ? ಛಾಗ್ಲಾ ಅವರು 1958ರಲ್ಲೇ ಧ್ವನಿವರ್ಧಕ ಹಾಕಿಸಿದ್ದರಲ್ಲ.

ಬಂದ ವರದಿಯ ಗತಿಯೇನು ಎಂಬುದು ಕೊನೆಯ ಮಾತು. ಲೆಕ್ಕಪತ್ರ ಸಮಿತಿಯ ಶಿಫಾರಸುಗಳಿಗೆ ಇಲಾಖೆಗಳು ಆರು ತಿಂಗಳೊಳಗೆ, ಸ್ಥಾಯಿ ಸಮಿತಿಗಳ ಶಿಫಾರಸುಗಳಿಗೆ ಮೂರು ತಿಂಗಳೊಳಗೆ ತಾವು ಕೈಗೊಂಡ ಕ್ರಮದ ವರದಿ ಕೊಡಬೇಕು. ಶಿಫಾರಸುಗಳನ್ನು ಒಪ್ಪಲೇಬೇಕೆಂಬ ಕಟ್ಟಳೆ ಇಲ್ಲ. ಆದರೆ ಇಲಾಖೆ ಕೊಟ್ಟ ಉತ್ತರ ತನಗೆ ಒಪ್ಪಿಗೆಯಾಗದ ಶಿಫಾರಸುಗಳನ್ನು ಸಮಿತಿ ತನ್ನ ಮುಂದಿನ ವರದಿಯಲ್ಲಿ ಪ್ರತ್ಯೇಕ ಅಧ್ಯಾಯವಾಗಿ ಮತ್ತೊಮ್ಮೆ ಸದನದ ಮುಂದಿಡುತ್ತದೆ. ಲೆಕ್ಕ ತಿಳಿಯಬೇಕೆಂಬ ಓದುಗರಿಗೆ ಇಡೀ ವರದಿಗಿಂತ ಆ ಒಂದು ಅಧ್ಯಾಯ ಮುಖ್ಯ. ಸರಕಾರಕ್ಕೆ ಎಲ್ಲಿ ನೋಯುತ್ತದೆ ಎಂಬುದು ಅಲ್ಲಿ ಕಾಣುತ್ತದೆ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಚಿಕ್ಕದು. ಮುಂದಿನ ಅಧಿವೇಶನದಲ್ಲಿ ಬ್ಯಾಂಕು ಅಥವಾ ವಿಮೆಗೆ ಸಂಬಂಧಿಸಿದ ಸಮಿತಿಯ ವರದಿಯೊಂದು ಬಂದರೆ, ನಾಲ್ಕು ಸಾಲಿನ ಸುದ್ದಿಯ ಬದಲು ಆ ಅಧ್ಯಾಯದ ಸಾರವನ್ನು ಅರ್ಧ ಪುಟ ಪ್ರಕಟಿಸಿ. ಸಮಿತಿಯಲ್ಲಿ ಇರುವ ಮಹಾರಾಷ್ಟ್ರದ, ಕರ್ನಾಟಕದ ಸಂಸದರ ಹೆಸರುಗಳನ್ನೂ ಜೊತೆಗೆ ಹಾಕಿ. ಊರಿಗೆ ಹೋದಾಗ ಅವರನ್ನು ಹೇಗೆ ಮಾತಾಡಿಸಬೇಕೆಂದು ನಮ್ಮ ಹೋಟೆಲಿನವರಿಗೆ ಚೆನ್ನಾಗಿ ಗೊತ್ತು. ಇಂಗ್ಲಿಷ್ ವರದಿಯನ್ನು ಓದಿ ಕನ್ನಡದಲ್ಲಿ ಸಾರ ಬರೆದುಕೊಡುವ ಕೆಲಸವನ್ನು ನನಗೆ ಒಪ್ಪಿಸಿದರೆ ಸಂತೋಷದಿಂದ ಮಾಡಿಕೊಡುತ್ತೇನೆ. ಸಂಭಾವನೆ ಬೇಡ. ಆ ದಿನದ ಪತ್ರಿಕೆಯ ಒಂದು ಪ್ರತಿಯನ್ನು ಸ್ಟೇಷನ್ ಬಳಿಯ ಆ ಚಹಾ ಮಾಸ್ತರರಿಗೆ ನಾನೇ ಕೊಟ್ಟು ಬರುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ,
ಡೊಂಬಿವಿಲಿ (ಪೂರ್ವ)